ಮೂರನೆಯ ಸಾಲಿನ ಉಸಿರು

"ಹೆರಿಗೆ ನೋವನ್ನ ಯಾರಾದ್ರೂ ಕ್ಲಾಸಿಗೆ ಹೋಗಿ ಕಲೀತಾರೇನು?"

ಕಮಲಮ್ಮ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಎದುರಿಗೆ ಉಕ್ಕಲು ಹೊಂಚು ಹಾಕುತ್ತಿದ್ದ ಹಾಲು; ಕಿಟಕಿಯಾಚೆ ಹನ್ನೊಂದು ಅಂತಸ್ತು ಕೆಳಗೆ, ಬೆಳ್ಳಂದೂರಿನ ರಸ್ತೆಯಲ್ಲಿ ಸಾಲುಗಟ್ಟಿ ನಿಂತ ನೀರಿನ ಟ್ಯಾಂಕರುಗಳು. ಮಗಳು ರಕ್ಷಿತಾ, ಅಳಿಯ ಕೊಟ್ರೇಶ್ ಆಗಷ್ಟೇ ವೈಟ್‌ಫೀಲ್ಡಿಗೆ ಹೊರಟುಹೋಗಿದ್ದರು. ಅಲ್ಲಿ ಪ್ರತಿ ಶನಿವಾರ ಬಸುರಿಯರಿಗೆ ಒಂದು ಕ್ಲಾಸು ನಡೆಯುತ್ತದೆ. ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳದೆ, ನೋವು ಮರೆಸುವ ಮದ್ದು ಯಾವುದನ್ನೂ ಮುಟ್ಟದೆ ಹೆರುವುದು ಹೇಗೆಂದು ಹೇಳಿಕೊಡುತ್ತಾರೆ.

ಚೊಚ್ಚಲ ಹೆರಿಗೆ ತವರಲ್ಲಾಗಬೇಕು. ಆದರೆ ರಕ್ಷಿತಾ, "ನನ್ನ ಡಾಕ್ಟ್ರು ಇಲ್ಲೇ ಇರೋದವ್ವಾ, ನಾನು ಬರಲ್ಲ" ಅಂದುಬಿಟ್ಟದ್ದರಿಂದ, ಹರಪನಹಳ್ಳಿ ಕಡೆಯ ತವರೇ ಗಂಟು ಕಟ್ಟಿಕೊಂಡು ಬೆಳ್ಳಂದೂರಿಗೆ ಬಂದಿತ್ತು. ಕಮಲಮ್ಮ ಮಗಳ ಏಳನೇ ತಿಂಗಳಿಗೇ ಬಂದಿಳಿದಿದ್ದಳು. ಗಂಡ ನಿಂಗಪ್ಪ ಕಿರಾಣಿ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಚೀಲಗಳನ್ನು ಒಂದೊಂದಾಗಿ ಒಳಗೆ ಕೊಟ್ಟಿದ್ದ: ಬಾಣಂತಿ ಖಾರ, ಅಂಟಿನುಂಡೆಗೆ ಗೋಂದು, ಹಳೇ ಸೀರೆಗಳ ಕೌದಿ, ಎರಡು ಕುಲಾವಿ.

"ಏನ್ರಿ ಅಮ್ಮಾರ, ಒಬ್ಬಾಕೀನೇ ಮಾತಾಡಾಕ ಹತ್ತೀರಿ?" ಎನ್ನುತ್ತ ಕೆಲಸದ ಹನುಮವ್ವ ಒಳಗೆ ಬಂದಳು. ಸಿಂಧನೂರಿನ ಕಡೆಯವಳು, ಗಂಡ ಗಾರೆ ಕೆಲಸಕ್ಕೆ, ಇವಳು ಇದೇ ಕಟ್ಟಡದ ಐದು ಮನೆಗಳ ಕಸಮುಸುರೆಗೆ.

"ನನ್ನ ಮಗಳು ಕ್ಲಾಸಿಗೆ ಹೋಗ್ಯಾಳಲ್ಲ, ನೋವು ತಿನ್ನೋದು ಕಲಿಯಾಕ. ಅದನ್ನ ಅಂತಿದ್ದೆ."

"ಅಯ್ಯ, ನನಗ ಹೇಳಿದ್ರ ನಾನೇ ಕಲಿಸ್ತಿದ್ನಲ್ರಿ! ನಾಕು ಹಡದೀನಿ. ಕಡೀದು ಕಟ್ಟಡದ ಬುಡದಾಗ, ಸಿಮೆಂಟಿನ ಚೀಲದ ಮ್ಯಾಲ. ಸೂಜಿ ಬೇಕೇನು ಅಂತ ಯಾರೂ ಕೇಳಲೇ ಇಲ್ಲ ನನ್ನ."

"ಕೇಳಿದ್ರ ಏನಂತಿದ್ದಿ?"

"ಎರಡು ಹಾಕ್ರಿ ಅಂತಿದ್ದೆ."

ಇಬ್ಬರೂ ನಕ್ಕರು. ಹಾಲು ಉಕ್ಕಿ ಒಲೆಗೆ ಚೆಲ್ಲಿತು.

ಮಧ್ಯಾಹ್ನ ಕ್ಲಾಸಿನಿಂದ ಬಂದವಳೇ ರಕ್ಷಿತಾ ಫ್ರಿಜ್ಜು ತೆಗೆದು ಐಸು ತುಂಬಿದ ಬಟ್ಟಲನ್ನು ಊಟದ ಮೇಜಿನ ಮೇಲಿಟ್ಟಳು. ಎರಡು ಗಡ್ಡೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಕೊಟ್ರೇಶ್ ಫೋನಿನಲ್ಲಿ ಗಡಿಯಾರ ಓಡಿಸಿ, "ಬ್ರೀದ್ ಇನ್, ಟೂ, ತ್ರೀ... ಬ್ರೀದ್ ಔಟ್, ಟೂ, ತ್ರೀ..." ಎಂದು ಎಣಿಸತೊಡಗಿದ. ಕಮಲಮ್ಮ ಸೆರಗಿನ ತುದಿ ಬಾಯಿಗೆ ಹಚ್ಚಿ ನೋಡುತ್ತ ನಿಂತಳು. ಇಪ್ಪತ್ತೈದು ಸೆಕೆಂಡಿಗೆ ರಕ್ಷಿತಾ ಐಸನ್ನು ಸಿಂಕಿಗೆ ಎಸೆದು ಕೈ ಕೊಡವಿದಳು.

"ಇನ್ನೂ ಮೂವತ್ತೈದು ಸೆಕೆಂಡ್ ಇತ್ತು ಕಣೇ."

"ನೀನು ಹಿಡ್ಕೋ ನೋಡೋಣ."

ಕೊಟ್ರೇಶ್ ಹಿಡಿದ. ಹದಿನೈದಕ್ಕೆ, "ಅಯ್ಯಯ್ಯೋ ಗುರುವೇ!" ಎಂದು ಕುಣಿದುಬಿಟ್ಟ.

"ಇವ್ರ ಕೈಲಿ ಹೆರಿಸ್ಬೇಕಿತ್ತು," ಅಂದಳು ರಕ್ಷಿತಾ, ನಗುತ್ತ. ಆದರೆ ಅವಳ ಕಣ್ಣಂಚು ಒದ್ದೆಯಾಗಿತ್ತು. ಇದು ಅವಳ ಮೂರನೇ ವಾರದ ಪ್ರಯತ್ನ. ಕ್ಲಾಸಿನಲ್ಲಿ ಉಳಿದವರೆಲ್ಲ ಒಂದು ನಿಮಿಷ ದಾಟಿದ್ದರು. ನೋವು ಬಂದಾಗ ಉಸಿರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದಕ್ಕೆ ಇದೇ ಅಭ್ಯಾಸವಂತೆ.

"ಯಾಕ ಬೇಕವ್ವಾ ಇದೆಲ್ಲ?" ಅಂದಳು ಕಮಲಮ್ಮ. "ಸೂಜಿ ಐತಿ ಅಂದ್ಮ್ಯಾಲ ಹಾಕಿಸ್ಕೊಂಡ್ರಾತು."

"ಅದು ಹುಟ್ಟೋದು ನನಗೆ ಪೂರ್ತಿ ಗೊತ್ತಾಗ್ಬೇಕು ಅವ್ವಾ. ಸೊಂಟದಿಂದ ಕೆಳಗೆ ನಂದಲ್ಲ ಅನ್ನೋ ಹಂಗೆ ಮಲಗಿರೋಕೆ ನನಗಿಷ್ಟ ಇಲ್ಲ. ನೀನು ಹೆಂಗೆ ತಡ್ಕೊಂಡೆ ಹೇಳು?"

ಮೂವತ್ತೊಂದು ವರ್ಷದಲ್ಲಿ ಯಾರೂ ಅವಳನ್ನು ಈ ಮಾತು ಕೇಳಿರಲಿಲ್ಲ. ಕಮಲಮ್ಮ ಕುರ್ಚಿ ಎಳೆದು ಕೂತಳು.

ಅವಳ ತವರಿನ ಒಳಕೋಣೆಗೂ ಊರಿನ ಮಠಕ್ಕೂ ನಡುವೆ ಒಂದೇ ಗೋಡೆ. ಅವಳಪ್ಪ ಪುರಾಣ ಓದುವವರು. ಶ್ರಾವಣ ಬಂತೆಂದರೆ ಒಂದು ತಿಂಗಳು ಮಠದಲ್ಲಿ ಅವರು ರಾಗವಾಗಿ ಪದ್ಯ ಹೇಳುವುದು, ಎದುರಿಗೆ ಕೂತ ಶಾಸ್ತ್ರಿಗಳು ಅರ್ಥ ಬಿಡಿಸುವುದು. ಹೆಂಗಸರು ಹಾಡುವಂತಿರಲಿಲ್ಲ, ಕೇಳಬೇಕಷ್ಟೆ. ಕಮಲಮ್ಮ ಕೇಳುತ್ತಲೇ ಬೆಳೆದಳು. ಓದಿ ಕಲಿತದ್ದಕ್ಕಿಂತ ಕಿವಿಯಲ್ಲಿ ನಿಂತದ್ದೇ ಹೆಚ್ಚು. ಎಷ್ಟೋ ಮಾತುಗಳಿಗೆ ಇವತ್ತಿಗೂ ಅರ್ಥ ಗೊತ್ತಿಲ್ಲ, ಆದರೆ ನೂರಾರು ಪದ್ಯ ಬಾಯಲ್ಲಿವೆ. ರಕ್ಷಿತಾ ಹುಟ್ಟಿದ್ದು ಅಂಥ ಒಂದು ಶ್ರಾವಣದ ಸಂಜೆ. ನೋವು ಏರಿ ಬಂದಾಗ ಸೂಲಗಿತ್ತಿ ದೇವಕ್ಕ ಅವಳ ಬಾಯಿ ಒತ್ತಿ ಹಿಡಿದು, "ಗ್ವಾಡಿ ಆಚೀಗೆ ಪುರಾಣ ನಡದೈತಿ. ಒದರಬ್ಯಾಡ, ನಿಮ್ಮಪ್ಪಗ ಕೇಳತೈತಿ" ಅಂದಿದ್ದಳು. ಒದರುವಂತಿಲ್ಲ, ಗೋಡೆಯಾಚೆಯಿಂದ ಅಪ್ಪನ ದನಿ ಮಾತ್ರ ಬರುತ್ತಿತ್ತು. ಅದನ್ನೇ ಹಿಡಿದುಕೊಂಡಳು.

"ಷಟ್ಪದಿಗೆ ಆರು ಸಾಲು. ಮೊದಲಿನ ಎರಡು ಗಿಡ್ಡ. ಮೂರನೇದು ಉದ್ದ. ಮತ್ತೆರಡು ಗಿಡ್ಡ, ಆರನೇದು ಉದ್ದ," ಎಂದು ಕಮಲಮ್ಮ ಬೆರಳು ಮಡಿಸಿ ತೋರಿಸಿದಳು. "ಗಿಡ್ಡ ಸಾಲಿನಾಗ ಉಸಿರು ತುಂಬ್ಕೊಂಡೆ. ಮೂರನೇ ಸಾಲು ಬಂದಾಗ ಅಪ್ಪ ಎಳದೂ ಎಳದೂ ಹಾಡ್ತಿದ್ರು, ಅದರ ಕೂಡ ಬಿಟ್ಟೆ. ಎರಡು ಪದ್ಯ ಮುಗಿಯೋದ್ರಾಗ ನೋವು ಇಳೀತಿತ್ತು. ಶಾಸ್ತ್ರಿಗಳು ಅರ್ಥ ಹೇಳೋ ಮುಂದ ನಾನು ಸುಧಾರಿಸ್ಕೊಂತಿದ್ದೆ. ಮತ್ತ ಅಪ್ಪ ಶುರು, ಮತ್ತ ನಂದೂ ಶುರು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಇದೂ ಒಂದು ಹೇಳೋ ಮಾತೇನು?"

ರಕ್ಷಿತಾ ಹೊಸ ಐಸು ಕೈಗೆತ್ತಿಕೊಂಡಳು. "ಈಗ ಹೇಳು. ಪದ್ಯ."

ಕಮಲಮ್ಮ ನಾಚಿದಳು. ಅಳಿಯ ಎದುರಿಗಿದ್ದಾನೆ. ಕೊಟ್ರೇಶ್ ಅದನ್ನು ತಿಳಿದು ಕಿಟಕಿಯ ಕಡೆ ಮುಖ ಮಾಡಿದ. ಅವಳು ಗಂಟಲು ಸರಿಮಾಡಿಕೊಂಡು ಸಣ್ಣ ದನಿಯಲ್ಲಿ ಶುರು ಮಾಡಿದಳು. ಎರಡು ಸಾಲು ಹೋದವು. ಮೂರನೆಯದನ್ನು ಅಪ್ಪನ ಹಾಗೆಯೇ ಎಳೆದಳು. ಮಗಳ ಹೆಗಲು ಮೆಲ್ಲಗೆ ಇಳಿಯಿತು. ಹುಬ್ಬಿನ ಗಂಟು ಬಿಚ್ಚಿತು. ಎರಡನೇ ಪದ್ಯದ ಆರನೇ ಸಾಲಿನಲ್ಲಿದ್ದಾಗ, ನಿಮಿಷ ತುಂಬಿತೆಂದು ಫೋನು ಕಿರ್ರೆಂದಿತು. ರಕ್ಷಿತಾ ಮಾತ್ರ ಕಣ್ಣು ತೆರೆಯಲಿಲ್ಲ. ಅವಳ ಮುಷ್ಟಿಯಿಂದ ನೀರು ಮೊಣಕೈಗೆ ಇಳಿಯುತ್ತಿತ್ತು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಸಂಜೆ ಆರಕ್ಕೆ ರಕ್ಷಿತಾ ಲ್ಯಾಪ್‌ಟಾಪು ಮುಚ್ಚುತ್ತಿದ್ದಳು. ಕಮಲಮ್ಮ ಕೈಕಾಲು ತೊಳೆದು, ವಿಭೂತಿ ಹಚ್ಚಿ, ದೀಪ ಹಚ್ಚಿ ಮಗಳ ಪಕ್ಕ ಕೂತು ಪದ್ಯ ಹೇಳುತ್ತಿದ್ದಳು. ಮೊದಮೊದಲು ಐಸಿತ್ತು; ಆಮೇಲೆ ಅದೂ ಬೇಕಾಗಲಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿದವಳು ರಕ್ಷಿತಾಳೇ. ಕೂಸು ಮಹಾ ಒದೆಗಾರ. ಇಡೀ ದಿನ ಹೊಟ್ಟೆಯಲ್ಲಿ ಗುದ್ದಾಟ. ಮೀಟಿಂಗಿನ ಮಧ್ಯೆ ಲ್ಯಾಪ್‌ಟಾಪೇ ಅಲುಗುವ ಹಾಗೆ ಒದೆಯುತ್ತಿತ್ತು. ಆದರೆ ಪದ್ಯ ಶುರುವಾದರೆ ಗಪ್ಪನೆ ನಿಂತುಬಿಡುತ್ತಿತ್ತು. ಮುಗಿದ ಸ್ವಲ್ಪ ಹೊತ್ತಿಗೆ ಮತ್ತೆ ಒದೆತ.

"ಅವ್ವಾ, ಇದು ಕೇಳ್ತಿದೆ!"

ಕಮಲಮ್ಮ ಹೊಟ್ಟೆಯ ಮೇಲೆ ಅಂಗೈಯಿಟ್ಟು ಪದ್ಯ ಹೇಳಿ ನೋಡಿದಳು. ಹೌದು, ನಿಂತಿತು.

"ನಾನೂ ಟೀಮ್ ಮೀಟಿಂಗಲ್ಲಿ ಹಿಂಗೇ ಸುಮ್ನಿರ್ತೀನಿ ಅತ್ತೆ," ಅಂದ ಕೊಟ್ರೇಶ್. "ಅದು ಕೇಳೋದಲ್ಲ, ನಿದ್ದೆ."

"ನಿಮ್ಮಂಗಲ್ಲ ಬಿಡ್ರಿ ಅಳಿಯಂದ್ರ. ಇದು ನಮ್ಮಪ್ಪನ ಮರಿಮಗ. ಕೇಳ್ತೈತಿ."

ಐವತ್ತಾರು ವರ್ಷ ಕಮಲಮ್ಮ ಬರೀ ಕೇಳುವವಳಾಗಿದ್ದಳು. ಅಪ್ಪನ ಪುರಾಣ, ಸ್ವಾಮಿಗಳ ಪ್ರವಚನ, ಗಂಡನ ಅಂಗಡಿಯ ರಗಳೆ. ಅವಳ ಬಾಯಿಂದ ಬಂದದ್ದನ್ನು ಉಸಿರು ಬಿಗಿಹಿಡಿದು ಯಾರಾದರೂ ಕೇಳಿದ್ದು ಇದೇ ಮೊದಲು. ಅದೂ ಇನ್ನೂ ಹುಟ್ಟದ ಜೀವ. ಈ ಖುಷಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ನಿಂಗಪ್ಪ, "ಶ್ರಾವಣ ಬಂತು, ಈ ಸಲ ಪುರಾಣ ತಪ್ತಲ್ಲ ನಿನಗ" ಅಂದಾಗ, "ಇಲ್ಲೂ ನಡದೈತಿ ಬಿಡ್ರಿ" ಅಂದು ಇಟ್ಟುಬಿಟ್ಟಳು.

ಕ್ಲಾಸಿನ ಮೇಘಾ ಮೇಡಂ ಸುದ್ದಿ ಕೇಳಿ ಕಮಲಮ್ಮನನ್ನೂ ಒಂದು ಶನಿವಾರ ಕರೆಸಿಕೊಂಡರು. ಎಂಟು ಜನ ಬಸುರಿಯರು ದೊಡ್ಡ ದೊಡ್ಡ ರಬ್ಬರ್ ಚೆಂಡುಗಳ ಮೇಲೆ ಕೂತಿದ್ದರು, ಬೆನ್ನ ಹಿಂದೆ ಎಂಟು ಗಂಡಂದಿರು. ಕಮಲಮ್ಮ ನೆಲದ ಮೇಲೆ ಕೂತು ನಾಲ್ಕು ಪದ್ಯ ಹೇಳಿದಳು. ಕನ್ನಡವೇ ಬಾರದ ಒಬ್ಬ ಹುಡುಗಿ ಅದನ್ನು ಫೋನಿನಲ್ಲಿ ಹಿಡಿದುಕೊಂಡು, "ಆಂಟಿ, ಥರ್ಡ್ ಲೈನ್ ಸೂಪರ್" ಅಂದಳು.

ಆಸ್ಪತ್ರೆಗೆ ಕೊಡಬೇಕಾದ ಹಾಳೆಯನ್ನು ಕೊಟ್ರೇಶ್ ಟೈಪು ಮಾಡಿದ. ಹೆರಿಗೆ ಹೇಗಾಗಬೇಕೆಂಬ ಬೇಡಿಕೆಗಳ ಪಟ್ಟಿ ಅದು. ಅತ್ತೆಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿ ತೋರಿಸಿದ: ನೋವಿನ ಇಂಜೆಕ್ಷನ್ ಬೇಡ. ದೀಪ ಮಂದವಾಗಿರಲಿ. ತಾಯಿ ಕಮಲಮ್ಮ ಪಕ್ಕದಲ್ಲಿದ್ದು ಪದ್ಯ ಹೇಳುತ್ತಾರೆ. ಡಾಕ್ಟರಮ್ಮ ಅದನ್ನೋದಿ ನಕ್ಕು, ಇಬ್ಬರು ಒಳಗಿರಲು ಒಪ್ಪಿ ಸಹಿ ಹಾಕಿದರು. ಮನೆಗೆ ಬರುವ ದಾರಿಯುದ್ದಕ್ಕೂ ಆ ಹಾಳೆಯ ಪ್ರತಿ ಕಮಲಮ್ಮನ ತೊಡೆಯ ಮೇಲಿತ್ತು. ಅಚ್ಚಾದ ಕಾಗದದಲ್ಲಿ ತನ್ನ ಹೆಸರನ್ನು ಅವಳು ನೋಡಿದ್ದು ರೇಷನ್ ಕಾರ್ಡು ಬಿಟ್ಟರೆ ಇಲ್ಲೇ. ಈಗ ಅವಳಿಗೆ ಬೇಕಾದದ್ದು ಒಂದೇ: ಆ ದಿನ ಮಗಳ ಕೈ ಹಿಡಿದು ಕೂತು, ಕೂಸು ಹೊರಬರುವವರೆಗೂ ದನಿ ನಡುಗದಂತೆ ಪದ್ಯ ಹೇಳಬೇಕು. ತನಗೆ ಗೋಡೆಯಾಚೆಯಿಂದ ಸಿಕ್ಕಿದ್ದು ಮಗಳಿಗೆ ಪಕ್ಕದಿಂದಲೇ ಸಿಗಬೇಕು. ಬೆಳಿಗ್ಗೆ ಪೂಜೆಯಲ್ಲಿ ಇಷ್ಟಲಿಂಗವನ್ನು ಅಂಗೈಲಿಟ್ಟುಕೊಂಡು ಅದನ್ನೇ ಬೇಡುತ್ತಿದ್ದಳು.

ಮೂವತ್ತೆಂಟನೇ ವಾರದ ಶನಿವಾರ. ರಕ್ಷಿತಾಳಿಗೆ ರಜೆ ಶುರುವಾಗಿ ಎರಡು ದಿನವಾಗಿತ್ತು. "ಇವತ್ತು ಅವಸರ ಇಲ್ಲ ಅವ್ವಾ, ಬಹಳ ಹೊತ್ತು ಹೇಳು," ಅಂದಳು. ಕಮಲಮ್ಮ ಪುರಾಣದ ಒಂದು ಇಡೀ ಸಂಧಿಯನ್ನು ಹೇಳಿದಳು. ಗಂಟೆಯ ಮೇಲಾಯಿತು. ಕೂಸು ಒಮ್ಮೆಯೂ ಮಿಸುಕಲಿಲ್ಲ. ಮಂಗಳದ ಪದ್ಯ ಹೇಳಿ ಕೈ ಮುಗಿದಾಗ ಕಮಲಮ್ಮನ ಕಣ್ಣಲ್ಲಿ ನೀರಿತ್ತು.

ಭಾನುವಾರ ಊಟವಾದ ಮೇಲೆ ರಕ್ಷಿತಾ ಎಡಮಗ್ಗುಲಾಗಿ ಮಲಗಿ ಒದೆತ ಎಣಿಸಿದಳು. ಕ್ಲಾಸಿನಲ್ಲಿ ಹಾಗೆ ಎಣಿಸಲು ಹೇಳಿದ್ದರು. ದಿನಾ ಹತ್ತರ ಮೇಲಿರುತ್ತಿತ್ತು.

"ಅವ್ವಾ, ಇವತ್ತು ಮೂರೇ. ಅದೂ ಮೆಲ್ಲಗೆ."

ಕಮಲಮ್ಮ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. "ನಿನ್ನೆ ಸಂಧಿ ಪೂರಾ ಕೇಳೈತಲ್ಲ, ಮೈ ಮರತು ಕುಂತೈತಿ. ನಮ್ಮಪ್ಪನೂ ಹಂಗ. ಪುರಾಣ ಮುಗಿದ ಮರುದಿನ ಯಾರ ಕೂಡಾನೂ ಮಾತಾಡ್ತಿರಲಿಲ್ಲ."

"ಡಾಕ್ಟ್ರಿಗೆ ಫೋನ್ ಮಾಡ್ಲಾ?"

"ಅದು ಆಡಿದ್ರೂ ಡಾಕ್ಟ್ರು, ಸುಮ್ನಿದ್ರೂ ಡಾಕ್ಟ್ರೇನು? ಕೇಳಿದ್ದನ್ನ ನೆನಸ್ಕೊಳ್ಳಾಕ ಅದಕ್ಕೂ ಒಂದೀಟು ಹೊತ್ತು ಬ್ಯಾಡೇನು?"

ರಕ್ಷಿತಾ ನಕ್ಕಳು. ಫೋನನ್ನು ದಿಂಬಿನ ಆಚೆಗಿಟ್ಟಳು. ಸಂಜೆ ಆರಕ್ಕೆ ಕಮಲಮ್ಮ ಮತ್ತೆ ಪದ್ಯ ಹೇಳಿದಳು. ಮಗಳ ಹೊಟ್ಟೆಯ ಮೇಲಿಟ್ಟ ಅವಳ ಅಂಗೈಯಡಿಯಲ್ಲಿ ಎಲ್ಲವೂ ನಿಶ್ಚಲವಾಗಿತ್ತು. "ಎಷ್ಟು ಚೆಂದ ಕೇಳ್ತೈತಿ ನೋಡು," ಅಂದಳು.

ಮರುದಿನ ಶ್ರಾವಣ ಸೋಮವಾರ. ಕಮಲಮ್ಮ ಪತ್ರೆ ಬಿಡಿಸುತ್ತಿದ್ದಳು. ನೆಲ ಒರೆಸುತ್ತಿದ್ದ ಹನುಮವ್ವ, ರಕ್ಷಿತಾ ಕೂತಿದ್ದ ಸೋಫಾದ ಹತ್ತಿರ ಬಂದವಳು ಕೋಲು ಹಿಡಿದು ನಿಂತುಬಿಟ್ಟಳು.

"ಅಕ್ಕಾರ, ಹೊಟ್ಟಿ ಯಾಕೋ ಸುಮ್ನ ಐತಲ್ರಿ? ದಿನಾ ನಾ ಒರಸೂ ಮುಂದ ಗುದ್ದತಿತ್ತು."

ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ರಕ್ಷಿತಾಳ ಹೊಟ್ಟೆ ಮುಟ್ಟಿದಳು. ಒಂದು ಬದಿ ಒತ್ತಿದಳು, ಇನ್ನೊಂದು ಬದಿ ಒತ್ತಿದಳು. ಆಮೇಲೆ ತಲೆಯೆತ್ತಿ ಕಮಲಮ್ಮನ ಮುಖ ನೋಡಿದಳು. ಹನುಮವ್ವನ ಮುಖದ ತುಂಟತನವೆಲ್ಲ ಎಲ್ಲಿಗೋ ಹೋಗಿತ್ತು.

"ಯಾವಾಗ ಆಡಿದ್ದು ಇದು?"

ರಕ್ಷಿತಾ ತಾನೂ ಎರಡೂ ಕೈಯನ್ನು ಹೊಟ್ಟೆಗೆ ಒತ್ತಿದಳು.

"ದವಾಖಾನಿಗೆ ನಡೀರಿ. ಪೂಜಿ ಆಮ್ಯಾಲ. ಸಾರ್ ಎಲ್ಲದಾರ? ಸಾರ್! ಕಾರ್ ತಗೀರಿ!"

ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಯಂತ್ರದ ಹಿಡಿಕೆ ಒತ್ತಿದರು. ಹಿಂದಿನ ಸಲ ಇದೇ ಕೋಣೆಯಲ್ಲಿ ಕುದುರೆ ಓಡುವಂಥ ಸದ್ದು ಕೇಳಿ ಕಮಲಮ್ಮ ಬೆಚ್ಚಿಬಿದ್ದಿದ್ದಳು. ಈಗ ಅದಕ್ಕಾಗಿ ಕಿವಿಗೊಟ್ಟು ನಿಂತಳು. ಕೇಳುವುದೇ ಅವಳ ಬದುಕಾಗಿತ್ತು. ಅವಳಷ್ಟು ಚೆನ್ನಾಗಿ ಕೇಳಬಲ್ಲವರು ಆ ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ. ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ.

ಡಾಕ್ಟರಮ್ಮ ಹಿಡಿಕೆಯನ್ನು ಅಲ್ಲಿಲ್ಲಿ ಆಡಿಸಿದರು. ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಅವರೂ ನೋಡಿದರು.

"ರಕ್ಷಿತಾ," ಅಂದರು ಕೊನೆಗೆ, ಅವಳ ಕೈ ಹಿಡಿದು. "ಹೃದಯ ಬಡೀತಿಲ್ಲಮ್ಮ. ಮಗು ಹೋಗಿದೆ."

"ಮಿಷನ್ ಸರಿಯಾಗಿದೆಯಾ ಡಾಕ್ಟ್ರೇ?" ಅಂದ ಕೊಟ್ರೇಶ್. ಎರಡು ಸಲ ಅಂದ.

ರಕ್ಷಿತಾ ಚಾವಣಿ ನೋಡುತ್ತ ಮಲಗಿದ್ದಳು. ಡಾಕ್ಟರಮ್ಮ ಮೆಲ್ಲಗೆ ಕೇಳಿದರು, "ಯಾವಾಗಿಂದ ಕಮ್ಮಿ ಅನ್ನಿಸ್ತು?"

"ಶನಿವಾರ ಸಂಜೆಯಿಂದ. ನಿನ್ನೆ ಮೂರು ಸಲ."

"ನಿನ್ನೆನೇ ಬರ್..." ಎಂದು ಶುರು ಮಾಡಿದ ಡಾಕ್ಟರಮ್ಮ ಅಲ್ಲಿಗೇ ನುಂಗಿಕೊಂಡರು. "ಹೊಕ್ಕಳಬಳ್ಳಿ ತೊಂದರೆ ಇರಬಹುದು. ಹೊರಗೆ ಬಂದ ಮೇಲೆ ಗೊತ್ತಾಗುತ್ತೆ. ನಿನ್ನೆ ಬಂದಿದ್ರೂ ಏನಾಗ್ತಿತ್ತೋ, ಹೇಳಕ್ಕಾಗಲ್ಲ."

ಕಮಲಮ್ಮ ಕಾದಳು. 'ಬರ್ತಿದ್ದೆ ಡಾಕ್ಟ್ರೇ, ನಮ್ಮವ್ವ ಬೇಡ ಅಂದಳು' ಎಂದು ಈಗ ಮಗಳು ಹೇಳುತ್ತಾಳೆ. ಹೇಳಲಿ. ಹೇಳಿಬಿಟ್ಟರೆ ಕಾಲು ಹಿಡಿಯುವುದಕ್ಕಾದರೂ ದಾರಿಯಾಗುತ್ತದೆ. ರಕ್ಷಿತಾ ಏನೂ ಹೇಳಲಿಲ್ಲ. ತಾಯಿಯ ಕಡೆ ತಿರುಗಲೂ ಇಲ್ಲ.

ಆಪರೇಷನ್ ಬೇಡ, ತಾನಾಗಿಯೇ ಹೆರುವುದು ಮೈಗೆ ಒಳ್ಳೆಯದು ಎಂದು ಡಾಕ್ಟರಮ್ಮ ತಿಳಿಸಿದರು. ನಾಳೆ ಬೆಳಿಗ್ಗೆ ಬಂದರೆ ನೋವು ಬರುವ ಮಾತ್ರೆ ಕೊಡುತ್ತಾರೆ. "ಇನ್ನೊಂದು ಮಾತು. ಆ ಹಾಳೇಲಿ ನೀವು ಬರೆದದ್ದೆಲ್ಲ ಮಗು ಹುಷಾರಾಗಿದ್ದಾಗಿನ ಮಾತು. ಈಗ ನೋವು ತಿನ್ನೋದಕ್ಕೆ ಕಾರಣ ಇಲ್ಲಮ್ಮ. ಬೆನ್ನಿಗೆ ಎಪಿಡ್ಯೂರಲ್ ಸೂಜಿ ಹಾಕಿಸ್ಕೊಳ್ಳಿ. ಏನೂ ಗೊತ್ತಾಗಲ್ಲ."

ಮನೆಗೆ ಬಂದರು. ನೆಲದ ಮಧ್ಯೆ ಒರೆಸುವ ಕೋಲು ಬಿದ್ದಿತ್ತು, ಬಕೀಟಿನ ನೀರು ಹಾಗೇ ಇತ್ತು. ಕೊಟ್ರೇಶ್ ಬಾಲ್ಕನಿಯ ಬಾಗಿಲು ಮುಚ್ಚಿಕೊಂಡು ಊರಿಗೆ ಒಂದೊಂದೇ ಫೋನು ಮಾಡಿದ. ಸಂಜೆ ಆರಾಯಿತು. ಕಮಲಮ್ಮ ದೀಪ ಹಚ್ಚಿದಳು, ಪದ್ಯ ಹೇಳಲಿಲ್ಲ. ಮಗಳ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ರಕ್ಷಿತಾ ಎಡಮಗ್ಗುಲಾಗಿ, ಎಣಿಸಲು ಮಲಗುತ್ತಿದ್ದ ಹಾಗೆಯೇ ಮಲಗಿದ್ದಳು.

"ರಕ್ಷೀ, ನಾನು ಹಂಗ ಅನ್ನಬಾರದಿತ್ತವ್ವಾ. ಕೇಳ್ತೈತಿ ಅಂತ."

ರಕ್ಷಿತಾ ಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡಳು.

"ನಾನೂ ಹಂಗೇ ಅಂದ್ಕೊಂಡೆ," ಅಂದಳು ರಕ್ಷಿತಾ. "ಖುಷಿಯಾಗಿತ್ತು ನನಗೆ." ಕಣ್ಣು ಮುಚ್ಚಿಕೊಂಡು, "ಬಾಗಿಲು ಹಾಕ್ಕೊಂಡು ಹೋಗು ಅವ್ವಾ."

ಕಮಲಮ್ಮ ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ತಪ್ಪಿನಲ್ಲಿ ಮಗಳು ತಾನೂ ಪಾಲು ತೆಗೆದುಕೊಂಡುಬಿಟ್ಟಿದ್ದಳು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಮಾತ್ರೆ ಕೊಟ್ಟರು. ಹನ್ನೊಂದರ ಹೊತ್ತಿಗೆ ನೋವು ಶುರುವಾಯಿತು. ಅರಿವಳಿಕೆಯ ಡಾಕ್ಟರು, ಚಿಕ್ಕ ವಯಸ್ಸಿನವನು, ಸಹಿಯ ಕಾಗದ ಹಿಡಿದು ಬಂದ. ಐದು ನಿಮಿಷಕ್ಕೆ ಹಾಗೆಯೇ ಹೊರಗೆ ಬಂದ. ಅವನ ಹಿಂದೆಯೇ ಕೊಟ್ರೇಶ್. ನಿನ್ನೆಯಿಂದ ಅತ್ತಿರದ ಹುಡುಗ ಕಾರಿಡಾರಿನ ಗೋಡೆಗೆ ಹಣೆ ಒತ್ತಿ ಅಳತೊಡಗಿದ.

"ಇಂಜೆಕ್ಷನ್ ಬೇಡ ಅಂತಾಳೆ ಅತ್ತೆ. ಯಾರಿಗೋಸ್ಕರ? ಏನಕ್ಕೆ? ನೀವು ಹೇಳಿ. ನಿಮ್ಮ ಮಾತು ಕೇಳ್ತಾಳೆ."

ಮಗಳು ತನ್ನ ಮಾತು ಕೇಳಿದ್ದರಿಂದಲೇ ಅಲ್ಲವೇ ಇಲ್ಲಿಗೆ ಬಂದದ್ದು? ಆದರೂ ಕಮಲಮ್ಮ ಒಳಗೆ ಹೋದಳು. ಮಂಚದ ಪಕ್ಕ ಕೂತು ಮಗಳ ಹಣೆಯ ಬೆವರು ಒರೆಸಿದಳು.

"ಹಾಕಿಸ್ಕೊಳ್ಳವ್ವಾ. ನನ್ನ ಕಂದ, ಹಾಕಿಸ್ಕೋ. ನಾನು ನೋಡಲಾರೆ."

"ನಾಳೆ ನನ್ನ ಹತ್ರ ಏನಿರುತ್ತೆ ಅವ್ವಾ?" ರಕ್ಷಿತಾಳ ದನಿ ತಣ್ಣಗಿತ್ತು. "ಅದ್ರಿಂದ ನನಗೆ ಅಂತ ಬರೋದು ಇದೊಂದೇ. ನಾನು ತಯಾರಾಗಿದ್ದು ಇದಕ್ಕೇ ಅಲ್ವಾ? ಬೇರೆಯವರಿಗೆಲ್ಲ ಆಮೇಲೆ ಮಗು ಇರುತ್ತೆ. ನನಗೆ ಇದೂ ಗೊತ್ತಾಗದ ಹಾಗೆ ಮಾಡ್ಬೇಡಿ."

ಡಾಕ್ಟರಮ್ಮ ಬಂದು ಕೇಳಿಕೊಂಡು, ಸುಮ್ಮನೆ ಅವಳ ತಲೆ ಸವರಿ, "ಬೇಕು ಅನ್ನಿಸಿದ ಕ್ಷಣ ಹೇಳಿ," ಅಂದು ಹೋದರು.

ಪಾಳಿ ಬದಲಾಗಿ ಹೊಸ ನರ್ಸು ಬಂದಳು. ಕಡತದೊಳಗಿನ ಹಾಳೆಯನ್ನು ತೆಗೆದು ಓದಿ, ಕಮಲಮ್ಮನ ಕಡೆ ನೋಡಿ, "ಪದ್ಯ ಹೇಳೋ ಅಮ್ಮ ನೀವೇನಾ?" ಅಂದಳು. ಕಮಲಮ್ಮ ಸೆರಗು ಎಳೆದುಕೊಂಡು ನೆಲ ನೋಡಿದಳು. ನರ್ಸು ಹಾಳೆಯನ್ನು ಮಡಿಸಿ ಒಳಗಿಟ್ಟು, ಹೇಳದೆಯೇ ಹೋಗಿ ದೊಡ್ಡ ದೀಪ ಆರಿಸಿದಳು.

ಮಧ್ಯಾಹ್ನ ಎರಡಕ್ಕೆ ನೋವು ಒಂದರ ಮೇಲೊಂದು ಏರತೊಡಗಿತು. ಕೊಟ್ರೇಶ್ ಹೆಂಡತಿಯ ಸೊಂಟ ಒತ್ತಿ ಹಿಡಿದಿದ್ದ. ಕಮಲಮ್ಮನ ಕೈ ಮಗಳ ಮುಷ್ಟಿಯೊಳಗಿತ್ತು. ರಕ್ಷಿತಾ ಕ್ಲಾಸಿನ ಎಣಿಕೆಯನ್ನೇ ತುಟಿಯಲ್ಲಿ ಹಿಡಿದಿದ್ದಳು: ಒನ್, ಟೂ, ತ್ರೀ. ಆದರೆ ನೋವು ನೆತ್ತಿಗೇರುವ ಹೊತ್ತಿಗೆ ಎಣಿಕೆ ತಪ್ಪುತ್ತಿತ್ತು. ಉಸಿರು ಎದೆಯಲ್ಲೇ ಸಿಕ್ಕಿಕೊಂಡು, ಕುತ್ತಿಗೆಯ ನರ ಉಬ್ಬಿ, ಕೊನೆಗೆ ಚೀರಾಟವಾಗಿ ಒಡೆಯುತ್ತಿತ್ತು. ಒಂದು ಸಲ. ಎರಡು ಸಲ. ಗೋಡೆಯಾಚೆಯ ಕೋಣೆಯಿಂದ ಆಗಷ್ಟೇ ಹುಟ್ಟಿದ ಯಾವುದೋ ಕೂಸಿನ ಅಳು ಬಂತು. ಕೊಟ್ರೇಶ್ ಎರಡೂ ಕೈಯಲ್ಲಿ ರಕ್ಷಿತಾಳ ಕಿವಿ ಮುಚ್ಚಿದ.

ಇನ್ನು ಜನ್ಮದಲ್ಲಿ ಪದ್ಯ ಅನ್ನುವುದಿಲ್ಲ ಎಂದುಕೊಂಡೇ ಕಮಲಮ್ಮ ಮನೆಯಿಂದ ಹೊರಟಿದ್ದಳು. ಆ ಪದ್ಯಗಳ ಮೇಲೆಯೇ ಅವಳಿಗೆ ಅಸಹ್ಯ ಬಂದಿತ್ತು. ಆದರೆ ಈಗ ಮಗಳ ಉಸಿರು ಎಲ್ಲಿ ಮುರಿಯುತ್ತಿದೆ ಎಂಬುದು ಅವಳ ಕಣ್ಣಿಗೆ ಕಾಣುತ್ತಿತ್ತು. ಸರಿಯಾಗಿ ಮೂರನೆಯ ಸಾಲು ಬರಬೇಕಾದ ಜಾಗದಲ್ಲಿ. ಅಲ್ಲೊಂದು ದನಿ ಹಿಡಿದು ಎಳೆದರೆ ಸಾಕು, ಉಸಿರು ಅದರ ಹಿಂದೆ ಹೋಗುತ್ತದೆ. ಅದು ಲೋಕದಲ್ಲಿ ಗೊತ್ತಿರುವುದು ಅವಳೊಬ್ಬಳಿಗೆ. ಕೇಳುವ ಕೂಸಿಲ್ಲದಿದ್ದರೇನು, ಹೆರುವ ಮಗಳಿದ್ದಾಳೆ. ಸೂಜಿಯಿಲ್ಲ, ಮದ್ದಿಲ್ಲ, ಇದಾದರೂ ಇರಲಿ ಅವಳಿಗೆ. ಪದ್ಯದ ಮೊದಲ ಸಾಲು ತಾನಾಗಿಯೇ ನಾಲಿಗೆಗೆ ಬಂದು ನಿಂತಿತು.

ಮತ್ತೊಂದು ನೋವು ಬುಡದಲ್ಲಿ ಅಲುಗಿದ್ದು ಮಗಳ ಬೆರಳುಗಳಿಂದ ಅವಳಿಗೆ ತಿಳಿಯಿತು. ಕಮಲಮ್ಮ ಬಾಗಿ, ಮಗಳ ಕಿವಿಯ ಹತ್ತಿರ ಬಾಯಿಟ್ಟಳು.

"ಹೇಳ್ಲೇನವ್ವಾ?" ಅಂದಳು. "ಒಂದೇ ಒಂದು ಪದ್ಯ. ಉಸಿರಿಗೆ ಆಸರಾಗ್ತೈತಿ. ನಿನಗೋಸ್ಕರ, ಬರೀ ನಿನಗೋಸ್ಕರ ಹೇಳ್ತೀನಿ."

ರಕ್ಷಿತಾ ಕಣ್ಣು ತೆರೆದಳು. ನಿನ್ನೆಯಿಂದ ಮೊದಲ ಸಲ ತಾಯಿಯ ಮುಖವನ್ನು ನೇರ ನೋಡಿದಳು. ತಾಯಿಯ ಕೈಯನ್ನು ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಬ್ಯಾಡ," ಅಂದಳು. "ಹೇಳಬ್ಯಾಡ."